ಪಿಎಫ್ ದುಡ್ಡಿಗಾಗಿ ಬೆಂಗಳೂರನ್ನೇ ನಿಲ್ಲಿಸಿದ ಹೆಣ್ಣುಮಕ್ಕಳು

ಬೆಳಕು ಹರಿಯೋ ಹೊತ್ತಿಗೆ ಬುತ್ತಿ ಕಟ್ಟಿಕೊಂಡು ಗಾರ್ಮೆಂಟ್ಸ್ ಗಾಡಿಗೆ ಕಾಯುವ ಹೆಣ್ಣುಮಕ್ಕಳು ನಮ್ಮ ಕಡೆಯ ಊರುಗಳಲ್ಲೂ ಇದ್ದಾರೆ. ಅವರ ಪಿಎಫ್ ದುಡ್ಡಿನ ಹಿಂದೆ ಎರಡು ದಿನದ ಒಂದು ಇತಿಹಾಸವಿದೆ.

ಬೆಂಗಳೂರು ದೊಡ್ಡ ಮುಷ್ಕರಗಳನ್ನು ಮೊದಲೂ ಕಂಡಿತ್ತು. 1980-81ರಲ್ಲಿ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ ಕಾರ್ಮಿಕರು ಸಂಬಳಕ್ಕಾಗಿ 77 ದಿನ ಕೆಲಸ ನಿಲ್ಲಿಸಿದ್ದರು. ಅವರಿಗೆ ಬಲವಾದ ಸಂಘಗಳಿದ್ದವು, ನಾಯಕರಿದ್ದರು. ಆದರೂ ಕೇಳಿದ್ದು ಸಿಗದೆ ಕೆಲಸಕ್ಕೆ ಮರಳಬೇಕಾಯಿತು.

2016ರಲ್ಲಿ ಬೀದಿಗೆ ಬಂದವರ ಕಥೆಯೇ ಬೇರೆ. ಗಾರ್ಮೆಂಟ್ಸ್‌ನಲ್ಲಿ ಸಂಘ ಸೇರಿದವರು ತೀರಾ ಕಡಿಮೆ. ಹೆಚ್ಚಿನವರು ಹಳ್ಳಿಯಿಂದ ಬಂದ ಹೆಂಗಸರು. ತಿಂಗಳ ಸಂಬಳ ಏಳು ಸಾವಿರದ ಆಸುಪಾಸು. ಬಾಡಿಗೆ, ರೇಷನ್, ಮಕ್ಕಳ ಫೀಸು ಕಳೆದರೆ ಕೈಯಲ್ಲಿ ಏನೂ ಉಳಿಯದು. ಉಳಿತಾಯ ಅಂತ ಇದ್ದದ್ದು ಪಿಎಫ್ ಒಂದೇ. ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ ಅದನ್ನು ಪೂರ್ತಿ ತೆಗೆಯಬಹುದಿತ್ತು. ಸಾಲ ತೀರಿಸುವುದು, ಮಗಳ ಮದುವೆ, ಊರಿನ ಮನೆಗೆ ಶೀಟು ಹಾಕಿಸುವುದು, ಎಲ್ಲವೂ ಆ ದುಡ್ಡಿನಲ್ಲೇ.

ಆ ವರ್ಷ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ನಿಯಮ ಬದಲಿಸಿತು. ನಿಮ್ಮ ಪಾಲು, ಅದರ ಬಡ್ಡಿ ತೆಗೆಯಬಹುದು. ಮಾಲೀಕರು ಕಟ್ಟಿದ ಪಾಲು 58 ವರ್ಷ ಆದ ಮೇಲೆಯೇ. ವಯಸ್ಸಾದಾಗ ದುಡ್ಡು ಇರಲಿ ಎಂಬುದು ಸರ್ಕಾರದ ಲೆಕ್ಕ. ಆದರೆ ನಲವತ್ತು ದಾಟುವ ಮೊದಲೇ ಬೆನ್ನು, ಕಣ್ಣು ಸೋತು ಮಷಿನ್ ಬಿಡುವ ಟೈಲರ್‌ಗೆ 58 ಅಂದರೆ ಯಾವ ಕಾಲ?

ಸುದ್ದಿ ಬಾಯಿಂದ ಬಾಯಿಗೆ ಹರಡಿತು. ಏಪ್ರಿಲ್ 18, ಸೋಮವಾರ, ಬೊಮ್ಮನಹಳ್ಳಿಯಲ್ಲಿ ಕಾರ್ಮಿಕರು ಫ್ಯಾಕ್ಟರಿ ಬಿಟ್ಟು ಹೊಸೂರು ರಸ್ತೆಯಲ್ಲಿ ಕೂತರು. ಯಾವ ನಾಯಕರೂ ಕರೆ ಕೊಟ್ಟಿರಲಿಲ್ಲ. ಮರುದಿನ ತುಮಕೂರು ರಸ್ತೆ, ಮೈಸೂರು ರಸ್ತೆಯ ಕಡೆಯವರೂ ಹೊರಬಂದರು. ಸಾವಿರಾರು ಜನ, ಗಂಟೆಗಟ್ಟಲೆ ನಿಂತ ವಾಹನಗಳು.

ಎರಡನೇ ದಿನ ಹಿಂಸೆಯೂ ಆಯಿತು. ಬಸ್ಸುಗಳು ಉರಿದವು. ಹೆಬ್ಬಗೋಡಿ ಪೊಲೀಸ್ ಠಾಣೆಗೆ ಕಲ್ಲು ಬಿತ್ತು, ಅಲ್ಲಿದ್ದ ವಾಹನಗಳಿಗೆ ಬೆಂಕಿ ಬಿತ್ತು. ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಬೆಂಕಿ ಹಚ್ಚಿದವರು ನಾವಲ್ಲ, ಹೊರಗಿನವರು ಎಂದು ಕಾರ್ಮಿಕರು ಹೇಳಿದರು. ಏಟು ತಿಂದವರಲ್ಲಿ ಅವರೂ ಇದ್ದರು.

ಏಪ್ರಿಲ್ 19ರಂದೇ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಮೊದಲು ನಿಯಮವನ್ನು ಜುಲೈ 31ರವರೆಗೆ ಮುಂದೂಡುವುದಾಗಿ ಹೇಳಿದರು. ಬೀದಿ ತಣ್ಣಗಾಗಲಿಲ್ಲ. ಕೆಲವೇ ಗಂಟೆಗಳಲ್ಲಿ ನಿಯಮವನ್ನೇ ಕೈಬಿಟ್ಟರು. ಅದರಿಂದ ಅನುಕೂಲ ಆದದ್ದು ಬೆಂಗಳೂರಿನವರಿಗೆ ಮಾತ್ರವಲ್ಲ, ದೇಶದ ಪಿಎಫ್ ಸದಸ್ಯರಿಗೆಲ್ಲ.

ಬೆಂಗಳೂರಿನ ಇತಿಹಾಸ ಅಂದರೆ ಕೆಂಪೇಗೌಡರಿಂದ ಶುರುವಾಗಿ ಐಟಿಗೆ ಬಂದು ನಿಲ್ಲುತ್ತದೆ. ನಡುವೆ ಈ ಎರಡು ದಿನಕ್ಕೂ ಜಾಗ ಇರಬೇಕು. ನಿಮ್ಮ ಬೀದಿಯಲ್ಲಿ ಆಗ ಗಾರ್ಮೆಂಟ್ಸಿಗೆ ಹೋಗುತ್ತಿದ್ದ ಅಕ್ಕನೋ ಚಿಕ್ಕಮ್ಮನೋ ಇದ್ದರೆ ಕೇಳಿ ನೋಡಿ. ಪುಸ್ತಕದಲ್ಲಿ ಸಿಗದ್ದು ಅವರ ಹತ್ತಿರ ಇರಬಹುದು.