ಗಡಿನಾಡಿನ ಸರ್ಕಾರಿ ರೇಡಿಯೋ

ನಿಜಾಮರ ಕಾಲದಲ್ಲಿ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಜನರಿಗೆ ಸರ್ಕಾರಿ ರೇಡಿಯೋ ಎಂದರೆ ಹೈದರಾಬಾದಿನ ಡೆಕ್ಕನ್ ರೇಡಿಯೋ. 1935ರಲ್ಲಿ ಸರ್ಕಾರದ ವಶಕ್ಕೆ ಬಂದ ಈ ಕೇಂದ್ರದಿಂದ ಉರ್ದು, ತೆಲುಗು, ಮರಾಠಿಯ ಜೊತೆಗೆ ಕನ್ನಡ ಕಾರ್ಯಕ್ರಮಗಳೂ ಬರುತ್ತಿದ್ದವು. 1950ರ ಏಪ್ರಿಲ್ 1ರಂದು ಅದು ಆಕಾಶವಾಣಿಯಲ್ಲಿ ಸೇರಿತು.

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು; ಅದರ ಗದ್ವಾಲ್, ಆಲಂಪುರ ತಾಲೂಕುಗಳು ಮಾತ್ರ ಆಂಧ್ರಪ್ರದೇಶಕ್ಕೆ ಸೇರಿದವು. ಹೈದರಾಬಾದ್ ಕೇಂದ್ರದಲ್ಲಿ ತೆಲುಗೇ ಮುಖ್ಯವಾಯಿತು. 1966ರಲ್ಲಿ ಗುಲ್ಬರ್ಗಾ (ಈಗಿನ ಕಲಬುರಗಿ) ಆಕಾಶವಾಣಿ ಆರಂಭವಾಯಿತು. ಮೀಡಿಯಂ ವೇವ್ ತರಂಗಕ್ಕೆ ರಾಜ್ಯದ ಗಡಿ ಎಲ್ಲಿಯದು?

ಆದರೆ ಒಂದು ತೊಡಕು ಉಳಿದೇ ಇದೆ. ಆಕಾಶವಾಣಿಯ ಕನ್ನಡ ಪ್ರದೇಶ ಸಮಾಚಾರ ಕರ್ನಾಟಕದ್ದು. ನಮ್ಮ ಪಡಿತರ, ಪಿಂಚಣಿ, ಜಮೀನಿನ ಪಹಣಿ ನೋಡಿಕೊಳ್ಳುವ ಸರ್ಕಾರದ ಸುದ್ದಿ ಹೈದರಾಬಾದಿನಿಂದ ತೆಲುಗಿನಲ್ಲಿ ಬರುತ್ತದೆ. ತೆಲುಗು ಸರಿಯಾಗಿ ತಿಳಿಯದ ಮನೆಯ ಅಜ್ಜಿಗೆ ಅದನ್ನು ಮೊಮ್ಮಕ್ಕಳೇ ಬಿಡಿಸಿ ಹೇಳಬೇಕು.