ರಕ್ತನಾಳದ ಒಳಪೊರೆ

ಭದ್ರಾವತಿ, ಹೊಳೆಹೊನ್ನೂರು ಸೀಮೆಯ ಗದ್ದೆಗಳಿಗೆ ಭದ್ರಾ ನಾಲೆಯ ನೀರು ಹರಿಯುವುದನ್ನು ನೀವು ನೋಡಿರುತ್ತೀರಿ. ಗದ್ದೆಗೆ ನೀರು ಬಿಡುವ ತೂಬುಗಳನ್ನೆಲ್ಲ ಕಿರಿದು ಮಾಡಿದರೆ ಏನಾಗುತ್ತದೆ? ಮೇಲಿನ ನಾಲೆಯಲ್ಲಿ ನೀರು ಹೆಚ್ಚಿ ದಂಡೆಯನ್ನು ಒತ್ತುತ್ತದೆ. ನಮ್ಮ ಮೈಯೊಳಗಿನ ಸ್ಥಿತಿಯೂ ಇಂಥದೇ. ಸಣ್ಣ ರಕ್ತನಾಳಗಳು ಬಿಗಿದುಕೊಂಡರೆ ರಕ್ತದ ಒತ್ತಡ ಏರುತ್ತದೆ. ಹಾಗಾದರೆ ಈ ತೂಬುಗಳನ್ನು ತೆರೆದು ಮುಚ್ಚುವವರು ಯಾರು?

ಒತ್ತಡವನ್ನು ಅಳೆಯುವ ವಿದ್ಯೆ ಮೊದಲು ಬಂದಿತು. 1896ರಲ್ಲಿ ಇಟಲಿಯ ರಿವಾ-ರೋಚಿ ತೋಳಿಗೆ ಕಟ್ಟುವ ಪಟ್ಟಿಯನ್ನು ರೂಪಿಸಿದನು. 1905ರಲ್ಲಿ ರಷ್ಯದ ಕೊರೊಟ್ಕೋವ್ ನಾಳದ ಸದ್ದನ್ನು ಆಲಿಸುವ ಕ್ರಮವನ್ನು ತಿಳಿಸಿದನು. ಔಷಧದ ಕಥೆಯಲ್ಲಿ ನಮ್ಮ ದೇಶಕ್ಕೆ ಗೌರವದ ಸ್ಥಾನವಿದೆ. ಮಲೆನಾಡಿನ ಕಾಡುಗಳಲ್ಲಿಯೂ ಬೆಳೆಯುವ ಸರ್ಪಗಂಧಿಯ ಬೇರು ಒತ್ತಡವನ್ನು ಇಳಿಸುವುದೆಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಬರೆದರು. ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು 1949ರಲ್ಲಿ ಅದರ ಗುಣವನ್ನು ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ವಿವರಿಸಿದರು. 1952ರಲ್ಲಿ ಆ ಬೇರಿನಿಂದ ರಿಸರ್ಪಿನ್ ಬೇರ್ಪಟ್ಟಿತು. ಅದರ ಕೆಲಸ ನರಗಳ ಮೂಲಕ. ನಾಳದ ಒಳಗೋಡೆಯ ಕಡೆಗೆ ಇನ್ನೂ ಯಾರ ಲಕ್ಷ್ಯವೂ ಅಷ್ಟಾಗಿ ಹೋಗಿರಲಿಲ್ಲ.

ಆ ಒಳಪೊರೆಯ ದಪ್ಪ ಒಂದೇ ಒಂದು ಜೀವಕೋಶದಷ್ಟು. ಅದನ್ನು ಬರಿಯ ಅಸ್ತರಿಯೆಂದೇ ಬಹುಮಂದಿ ಭಾವಿಸಿದ್ದರು. ಅಮೆರಿಕದ ಫರ್ಚ್‌ಗಾಟ್ ಮೊಲದ ಮಹಾಧಮನಿಯ ತುಂಡುಗಳ ಮೇಲೆ ಪ್ರಯೋಗ ನಡೆಸುತ್ತಿದ್ದನು. ಅಸಿಟೈಲ್‌ಕೋಲಿನ್ ಎಂಬ ದ್ರವ್ಯ ಜೀವಂತ ಪ್ರಾಣಿಯಲ್ಲಿ ನಾಳವನ್ನು ಸಡಿಲಿಸುತ್ತಿತ್ತು. ಅವನ ತುಂಡುಗಳನ್ನು ಮಾತ್ರ ಬಿಗಿಸುತ್ತಿತ್ತು. ಕಾರಣವೇನು? ತುಂಡನ್ನು ಸಿದ್ಧಗೊಳಿಸುವಾಗ ಒಳಪೊರೆ ಉಜ್ಜಿಹೋಗುತ್ತಿತ್ತು! ಪೊರೆ ಉಳಿದ ತುಂಡು ಸಡಿಲಿತು. ಪೊರೆಯೇ ಯಾವುದೋ ಸಂದೇಶವನ್ನು ಸ್ನಾಯುವಿಗೆ ಕಳುಹಿಸುತ್ತದೆಂದು 1980ರಲ್ಲಿ ಅವನು ಜವಾಡ್‌ಸ್ಕಿಯೊಡನೆ ಪ್ರಕಟಿಸಿದನು.

ಆ ದೂತ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು 1986–87ರಲ್ಲಿ ತಿಳಿಯಿತು. ಕೆಲವೇ ಕ್ಷಣಗಳ ಆಯುಷ್ಯ ಅದಕ್ಕೆ; ಅಷ್ಟರಲ್ಲಿ ನಾಳವನ್ನು ಸಡಿಲಿಸಿಬಿಡುತ್ತದೆ. ಎದೆನೋವಿಗೆ ಕೊಡುವ ನೈಟ್ರೋಗ್ಲಿಸರಿನ್ ಕೆಲಸಮಾಡುವುದೂ ಇದೇ ಅನಿಲದ ಮೂಲಕ. ಅದೇ ದ್ರವ್ಯದಿಂದ ಡೈನಮೈಟ್ ಮಾಡಿದ ಆಲ್‌ಫ್ರೆಡ್ ನೊಬೆಲ್ಲನಿಗೆ 1896ರಲ್ಲಿ ವೈದ್ಯರು ಅದನ್ನೇ ಔಷಧವಾಗಿ ಹೇಳಿದ್ದರು. ಅವನ ಹೆಸರಿನ ಬಹುಮಾನ 1998ರಲ್ಲಿ ಫರ್ಚ್‌ಗಾಟ್, ಇಗ್ನಾರೋ, ಮ್ಯುರಾಡ್ ಮೂವರಿಗೆ ಸಂದಿತು.

ಸಡಿಲಿಸುವ ಪೊರೆ ಬಿಗಿಸಲೂ ಬಲ್ಲದು. 1988ರಲ್ಲಿ ಜಪಾನಿನ ಯಾನಾಗಿಸಾವಾ ಮತ್ತು ಸಂಗಡಿಗರು ಎಂಡೋಥೀಲಿನ್ ಎಂಬ ಪ್ರಬಲ ಸಂಕೋಚಕವನ್ನು ಅದರಲ್ಲಿಯೇ ಕಂಡರು. ಅದನ್ನು ತಡೆಯುವ ಒಂದು ಗುಳಿಗೆಗೆ ರಕ್ತದೊತ್ತಡದ ಚಿಕಿತ್ಸೆಗಾಗಿ 2024ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆರೋಗ್ಯವಂತರಲ್ಲಿ ಎರಡು ಶಕ್ತಿಗಳೂ ಸಮತೂಕದಲ್ಲಿರುತ್ತವೆ. ರಕ್ತದೊತ್ತಡದ ರೋಗಿಗಳಲ್ಲಿ ಸಡಿಲಿಸುವ ಶಕ್ತಿ ಕುಂದಿರುತ್ತದೆ. ಪೊರೆ ಕೆಟ್ಟು ಒತ್ತಡ ಏರಿತೋ, ಒತ್ತಡ ಏರಿ ಪೊರೆ ಕೆಟ್ಟಿತೋ? ಇದು ಬೀಜಾಂಕುರ ನ್ಯಾಯ; ಒಂದು ಇನ್ನೊಂದನ್ನು ಬೆಳೆಸುತ್ತದೆ.

ಧೂಮಪಾನ, ಸಕ್ಕರೆ ಕಾಯಿಲೆ, ಅತಿಯಾದ ಉಪ್ಪು ಈ ಪೊರೆಗೆ ಶತ್ರುಗಳು. ದಿನವೂ ನಡೆಯುವುದು ಅದಕ್ಕೆ ಮಿತ್ರ. ತಲೆನೋವಿಲ್ಲ, ತಲೆಸುತ್ತಿಲ್ಲ ಎಂದು ವೈದ್ಯರು ಕೊಟ್ಟ ಗುಳಿಗೆಯನ್ನು ತಾವಾಗಿಯೇ ಬಿಡುವವರು ನಮ್ಮ ನಡುವೆ ಬಹಳ ಮಂದಿ. ಒಳಪೊರೆ ನೋಯುವುದಿಲ್ಲ, ಕೂಗುವುದಿಲ್ಲ. ದಂಡೆ ಒಡೆದ ಮೇಲೆ ತೂಬನ್ನು ಹುಡುಕುವುದಕ್ಕಿಂತ, ನೀರು ಏರುವಾಗಲೇ ನೋಡಿಕೊಳ್ಳುವುದು ಜಾಣತನ. ಮನೆಯ ಹಿರಿಯರ ರಕ್ತದೊತ್ತಡವನ್ನು ಈ ತಿಂಗಳೇ ಅಳೆಯಿಸಿರಿ, ನಿಮ್ಮದನ್ನೂ ಮರೆಯಬೇಡಿರಿ.