ಪಾಚಿಯ ಬೆಲೆ: ಗದ್ದೆಯಿಂದ ಉಪ್ಪಿನ ಆಗರಕ್ಕೆ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಅಂಚಿನಲ್ಲೋ ಹೊನ್ನಾಳಿಯ ತುಂಗಭದ್ರೆಯ ದಡದಲ್ಲೋ ಕಾಲು ಜಾರಿ ಬಿದ್ದವರು ಪಾಚಿಯನ್ನು ಶಪಿಸುವುದು ಸಹಜ. ಆದರೆ ಅದರ ಬಂಧುಗಳಾದ ಸೂಕ್ಷ್ಮಪಾಚಿಗಳು ಇಂದು ಔಷಧಿ ಅಂಗಡಿಯಲ್ಲಿ ಮಾತ್ರೆಗಳಾಗಿ ಕುಳಿತಿವೆ. ಇದು ಹೇಗಾಯಿತು?

ಮೊದಲ ಹೆಜ್ಜೆ ಭತ್ತದ ಗದ್ದೆಯದು. ಹೆಚ್ಚು ಗೊಬ್ಬರ ಕಾಣದ ಗದ್ದೆಯೂ ವರ್ಷ ವರ್ಷ ಬೆಳೆ ಕೊಡುವುದೇಕೆ? ನಿಂತ ನೀರಿನ ನೀಲಿ-ಹಸಿರು ಪಾಚಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆಂದು ಪಿ.ಕೆ. ಡೇ 1939ರಲ್ಲಿ ತೋರಿಸಿದರು. ಭದ್ರಾ ನಾಲೆಯ ಗದ್ದೆಗಳಿಗೂ ಇದೇ ಪಾಠ.

ಎರಡನೆಯದು ಮೈಸೂರಿನದು. 1970ರ ದಶಕದಲ್ಲಿ ಅಲ್ಲಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಜರ್ಮನಿಯ ಸಹಕಾರದೊಡನೆ ಪಾಚಿಯನ್ನು ಆಹಾರವಾಗಿ ಬೆಳೆಸಲು ತೊಡಗಿತು. ಎಲ್.ವಿ. ವೆಂಕಟರಾಮನ್ ಮತ್ತು ಇ.ಡಬ್ಲ್ಯು. ಬೆಕರ್ ಈ ಕೆಲಸದ ಪ್ರಮುಖರು. ಮೊದಲು ಆರಿಸಿದ ಸೀನೆಡೆಸ್ಮಸ್ ಪಾಚಿಯ ಕೋಶಭಿತ್ತಿ ಗಟ್ಟಿ. ಬಿಸಿ ಉರುಳೆಯ ಮೇಲೆ ಒಣಗಿಸದಿದ್ದರೆ ಜೀರ್ಣವಾಗದು. ಅದಕ್ಕೆ ಇಂಧನದ ಖರ್ಚು. ಆಗ ಸ್ಪಿರುಲಿನಾ ಕಡೆಗೆ ಗಮನ ಹರಿಯಿತು. ಅದರ ಸುರುಳಿ ಎಳೆಗಳನ್ನು ಬಟ್ಟೆಯಲ್ಲಿ ಸೋಸಬಹುದು, ಬಿಸಿಲಿನಲ್ಲಿ ಒಣಗಿಸಬಹುದು. ನೂರಕ್ಕೆ ಸುಮಾರು 60 ಪಾಲು ಪ್ರೋಟೀನು. ಮೆಕ್ಸಿಕೋದ ಅಜ್ಟೆಕರೂ ಆಫ್ರಿಕದ ಚಾಡ್ ಸರೋವರದ ಜನರೂ ಇದನ್ನು ಮೊದಲೇ ತಿನ್ನುತ್ತಿದ್ದರು.

ಮೂರನೆಯದು ಉಪ್ಪಿನ ಆಗರದ್ದು. ಫ್ರಾನ್ಸಿನ ಉಪ್ಪಿನ ಮಡಿಗಳು ಕೆಂಪಾಗುವುದನ್ನು 1838ರಲ್ಲಿ ಡ್ಯೂನಾಲ್ ವಿವರಿಸಿದರು. 1905ರಲ್ಲಿ ಅವರ ನೆನಪಿಗೆ ಆ ಪಾಚಿಗೆ ಡ್ಯೂನಾಲಿಯೆಲ್ಲಾ ಎಂದು ಹೆಸರಾಯಿತು. ಉಪ್ಪು ನೀರು ತನ್ನ ಕೋಶವನ್ನು ಹೀರಿ ಒಣಗಿಸದಂತೆ ಅದು ಒಳಗೆ ಗ್ಲಿಸರಾಲ್ ತುಂಬಿಕೊಳ್ಳುತ್ತದೆ. ತೀವ್ರ ಬಿಸಿಲಿನಿಂದ ಉಳಿಯಲು ಬೀಟಾ ಕ್ಯಾರೊಟಿನ್ ಕೂಡಿಸುತ್ತದೆ. ಈ ಕೆಂಪಿಗಾಗಿ 1980ರ ದಶಕದಲ್ಲಿ ಆಸ್ಟ್ರೇಲಿಯದಲ್ಲಿ ವಾಣಿಜ್ಯ ಬೇಸಾಯ ಶುರುವಾಯಿತು. ಮೈಸೂರಿನಲ್ಲೂ ಅದರ ಅಧ್ಯಯನ ನಡೆದಿದೆ. ಮತ್ತೊಂದು ಕಡಲ ಪಾಚಿಯ ಎಣ್ಣೆ ಶಿಶು ಆಹಾರದ ಡಬ್ಬಿಗಳನ್ನು ಸೇರಿತು.

ಬಡವರ ಅನ್ನವಾಗಬೇಕೆಂದು ಹೊರಟದ್ದು ಉಳ್ಳವರ ಮಾತ್ರೆಯಾದದ್ದೇಕೆ? ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ನೀರಿನಿಂದ ಸಿಗುವ ಒಣಪಾಚಿ ಸಾಮಾನ್ಯವಾಗಿ ಒಂದು ಗ್ರಾಮಿಗಿಂತ ಕಡಿಮೆ. ಸೋಸಿದ ನೀರನ್ನು ಮತ್ತೆ ಬಳಸಬಹುದಾದರೂ, ಬರದ ಜಗಳೂರಿನಲ್ಲಿ ಆವಿಯಾಗುವ ನೀರಿಗೂ ಬೆಲೆಯಿದೆ. ದಿನಕ್ಕೆ 5 ಗ್ರಾಂ ಸ್ಪಿರುಲಿನಾ ತಿಂದರೆ 3 ಗ್ರಾಂ ಪ್ರೋಟೀನು. 50 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 12 ಗ್ರಾಂ. ಪಾಚಿಯ ನಿಜವಾದ ಬಲ ಪ್ರೋಟೀನಿಗಿಂತ ಕ್ಯಾರೊಟಿನ್ನಿನಲ್ಲಿದೆ. ದೇಹ ಅದರಿಂದ ಎ ಜೀವಸತ್ವ ಮಾಡಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಕೆರೆಯ ಹಸಿರು ನೊರೆ ಸ್ಪಿರುಲಿನಾ ಅಲ್ಲ. ಕೆಲವು ನೀಲಿ-ಹಸಿರು ಪಾಚಿಗಳು ವಿಷ ಉಂಟುಮಾಡುತ್ತವೆ. ನ್ಯಾಮತಿಯ ಶಾಲೆಯ ಸೂಕ್ಷ್ಮದರ್ಶಕದಡಿ ಒಂದು ಹನಿ ಕೆರೆನೀರು ಇಟ್ಟು ನೋಡಿ. ಬಾಯಿಗೆ ಮಾತ್ರ ಇಡಬೇಡಿ.